ಇಪ್ಪತ್ತೇಳು ಕಿಲೋ ಸೋಡಾ

ಇಚಲಕರಂಜಿಯ ಶಹಾಪುರದಲ್ಲಿ ಜಿನದತ್ತ ಎಂಬವರ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯಿದೆ. ಅಲ್ಲಿ ಬಣ್ಣ, ಉಪ್ಪು, ಸೋಡಾ ತೂಗಿಕೊಡುವ ಕೆಲಸ ಉಜ್ವಲಾಳದು. ಅವಳು ಹುಟ್ಟಿದ್ದು ಸುಳಕೂಡ ಎಂಬ ಹಳ್ಳಿಯಲ್ಲಿ, ಕುರಿ ಸಾಕುವ ಮನೆಯಲ್ಲಿ. ಒಂಬತ್ತನೇ ತರಗತಿ ಮುಗಿಯುವ ಮೊದಲೇ ಮದುವೆಯಾಯಿತು. ಹನ್ನೊಂದು ವರ್ಷದ ಕೆಲಸದಲ್ಲಿ ಅವಳ ತೂಕ ತಪ್ಪಿದ್ದನ್ನು ಯಾರೂ ಕಂಡಿರಲಿಲ್ಲ.

ಹೋದ ವರ್ಷ ದೀಪಾವಳಿಗೆ ಮುಂಚೆ ಸೋಡಾ ಪುಡಿ ಬರುವುದು ನಿಂತಿತು. ಜಿನದತ್ತ ಹಾತಕಣಂಗಲೆಯಿಂದ ಬಟ್ಟೆ ಒಗೆಯುವ ಹರಳು ಸೋಡಾ ತರಿಸಿದರು. ಸೋಡಾ ಇಲ್ಲದಿದ್ದರೆ ಬಣ್ಣ ಬಟ್ಟೆಗೆ ಕಚ್ಚುವುದಿಲ್ಲ.

"ಅದೂ ಸೋಡಾ, ಇದೂ ಸೋಡಾ. ಯಾವಾಗಿನಂಗ ಹತ್ತು ಕಿಲೋನ ಹಾಕ್ರಿ" ಎಂದ ಬಣ್ಣದ ಮಾಸ್ತರ ರಾಜಕುಮಾರ.

ಉಜ್ವಲಾ ಹಾಕಿದಳು. ಕೆಂಪು ಬಟ್ಟೆ ತೊಳೆದಷ್ಟೂ ಬಣ್ಣ ಬಿಟ್ಟಿತು. ರಾಜಕುಮಾರ ಎಲ್ಲರೆದುರು, "ತೂಕದಾಗ ಕಡಿಮಿ ಮಾಡೀರಿ ನೀವು" ಎಂದ. ಸಂಜೆ ಅವಳು ಒಂದು ಹಿಡಿ ಹರಳನ್ನು ಕಾಗದದಲ್ಲಿ ಕಟ್ಟಿಕೊಂಡು ಮನೆಗೆ ಹೋದಳು.

ಮಗಳು ನೂತನ ಒಂಬತ್ತನೆಯ ತರಗತಿಯ ವಿಜ್ಞಾನದ ಪುಸ್ತಕ ಹಿಡಿದು ಕೂತಿದ್ದಳು. ಹರಳು ನೋಡಿ ಹೇಳಿದಳು: "ಅವ್ವಾ, ಇದರಾಗ ನೀರ ಐತಿ. ಸೋಡಾದ ಒಂದೊಂದು ಕಣಕ್ಕ ಹತ್ತು ಹತ್ತು ನೀರಿನ ಕಣ."

"ಒಣಗೇ ಐತಲ್ಲ?"

"ಒಳಗ ಕಟ್ಟಿಕೊಂಡಿರತೈತಿ. ನೋಡು, ಮೋಲ್ ಅಂದ್ರ ಕಣಗಳ ಒಂದು ಎಣಿಕಿ. ಒಂದು ಮೋಲ್ ಸೋಡಾ ಪುಡಿ ನೂರಾ ಆರು ಗ್ರಾಂ ತೂಗತೈತಿ. ಹರಳಿನಾಗ ಅಷ್ಟ ಸೋಡಾ ಬೇಕಂದ್ರ ಮ್ಯಾಲ ನೀರಿಂದು ನೂರಾ ಎಂಬತ್ತು ಕೂಡತೈತಿ. ಒಟ್ಟ ಇನ್ನೂರಾ ಎಂಬತ್ತಾರು."

ಮಗ್ಗಗಳ ಊರಾದ ಇಚಲಕರಂಜಿಯಲ್ಲಿ ಇಷ್ಟು ವರ್ಷ ಇದ್ದ ಉಜ್ವಲಾಳಿಗೆ ಅದು ನೂಲಿನ ಲೆಕ್ಕದಂತೆ ಕಂಡಿತು. "ದಪ್ಪ ನೂಲು ಒಂದು ಕಿಲೋ ತಂದ್ರ ಉದ್ದ ಕಡಿಮಿ ಬರತೈತಿ, ಹಂಗ ಏನು?"

"ಹಂಗ ಅವ್ವಾ. ಬಣ್ಣಕ್ಕ ಬೇಕಾದ್ದು ಕಣ. ಕಿಲೋ ಅಲ್ಲ."

ಇಬ್ಬರೂ ಕೂತು ಗುಣಿಸಿದರು. ಹತ್ತು ಕಿಲೋ ಪುಡಿಯ ಕೆಲಸಕ್ಕೆ ಇಪ್ಪತ್ತೇಳು ಕಿಲೋ ಹರಳು.

ಮರುದಿನ ಇದನ್ನು ಹೇಳಿದಾಗ ರಾಜಕುಮಾರ ನಕ್ಕ. ಉಜ್ವಲಾ ನೇರ ಮಾಲಕರ ಬಳಿ ಹೋದಳು. "ಜಿನದತ್ತಣ್ಣಾ, ಒಂದು ಕಿಲೋ ಬಟ್ಟಿ ಕೊಡ್ರಿ. ಕೆಟ್ಟರ ನನ್ನ ಪಗಾರದಾಗ ಮುರಕೊಳ್ರಿ." ಅವರು ಒಪ್ಪಿದರು. ಅವಳು ಹೊಸ ಲೆಕ್ಕದಂತೆ ಸೋಡಾ ತೂಗಿ ಒಂದು ಬಕೆಟ್‌ನಲ್ಲಿ ಬಣ್ಣ ಹಾಕಿದಳು. ಮೂರು ಸಲ ತೊಳೆದ ಮೇಲೆ ನೀರು ತಿಳಿಯಾಯಿತು. ಬಟ್ಟೆ ಕೆಂಪಾಗಿಯೇ ಉಳಿಯಿತು.

ರಾಜಕುಮಾರ ತಪ್ಪಾಯಿತು ಎನ್ನಲಿಲ್ಲ. ತೂಕ ಬರೆಯುವ ಗೋಡೆಯ ಹಲಗೆಯ ಮೇಲೆ ಸೋಡಾದ ಮುಂದಿನ ಹತ್ತನ್ನು ಒರೆಸಿ ಇಪ್ಪತ್ತೇಳು ಎಂದು ಬರೆದ, ಅಷ್ಟೇ. ಅವನು ಎಲ್ಲರೆದುರು ಆಡಿದ ಮಾತಿನ ನೋವು ಅವಳಿಗೆ ಬಹಳ ದಿನ ಇತ್ತು.

ಮುಂದೆ ಉಜ್ವಲಾ ಶಾಲೆಗೆ ಹೋಗದೆ ಹೊರಗಿನಿಂದಲೇ ಹತ್ತನೆಯ ತರಗತಿಯ ಪರೀಕ್ಷೆಗೆ ಅರ್ಜಿ ತುಂಬಿದಳು. ವಿಜ್ಞಾನದಲ್ಲಿ ಐವತ್ತೆಂಟು ಬಂತು, ಇಂಗ್ಲಿಷ್ ಹೋಯಿತು. ಜುಲೈಯಲ್ಲಿ ಮತ್ತೆ ಕೂತು ಅದನ್ನೂ ಪಾಸು ಮಾಡಿಕೊಂಡಳು.