ಕಬ್ಬಿಗೆ ಬೆಂಕಿ ಬಿದ್ದ ಮಧ್ಯಾಹ್ನದ ವಿಡಿಯೊ

ಕೊರೊನಾ ಮುಗಿದ ಮರುವರ್ಷದ ಮಾತು. ನಾನಾಗ ಪಾಂಡವಪುರದ ಒಂದು ಅಂಗಡಿಯಲ್ಲಿ ಕಂಪ್ಯೂಟರ್ ಸರ್ವಿಸ್ ಟೆಕ್ನಿಷಿಯನ್. ಮನೆಮನೆಗೆ ಹೋಗಿ ರಿಪೇರಿ ಮಾಡುವುದೇ ನನ್ನ ಕೆಲಸ. ಒಂದು ಬೆಳಿಗ್ಗೆ ಕ್ಯಾತನಹಳ್ಳಿಯಿಂದ ಜಯಲಕ್ಷ್ಮಿ ಎಂಬ ಹೆಂಗಸು ಫೋನ್ ಮಾಡಿ, "ವಿಡಿಯೊ ಓಡ್ತಿಲ್ಲ ಸಾರ್, ಈಗ್ಲೇ ಬನ್ನಿ" ಎಂದರು.

ಹೋದ ಮೇಲೆ ಸಂಗತಿ ತಿಳಿಯಿತು. ಹಿಂದಿನ ವಾರ ಅವರ ಕಟಾವಿಗೆ ಬಂದ ಕಬ್ಬಿಗೆ ಹಾಡಹಗಲೇ ಬೆಂಕಿ ಬಿದ್ದು, ಪಕ್ಕದವರ ಕಬ್ಬೂ ಸುಟ್ಟುಹೋಗಿತ್ತು. ಜಯಲಕ್ಷ್ಮಿಯ ಗಂಡ ಶಿವಣ್ಣ ಸೇದಿ ಎಸೆದ ಬೀಡಿಯೇ ಕಾರಣವೆಂದು ಊರು ನಂಬಿತ್ತು. ಹಾಗೆಂದು ಹಬ್ಬಿಸಿದವನು ಶಿವಣ್ಣನ ಸ್ವಂತ ಅಣ್ಣ ಚಂದ್ರಣ್ಣ. ಶಿವಣ್ಣನ ಗದ್ದೆಯೊಳಗೆ ತನ್ನ ಟ್ರಾಕ್ಟರು ಹೋಗಲು ದಾರಿ ಕೇಳಿ, ಅವರು ಕೊಡದಿದ್ದಾಗಿನಿಂದ ಆತ ತಮ್ಮನ ಮೇಲೆ ಹಗೆ ಸಾಧಿಸುತ್ತಿದ್ದ. ಅವನ ಜೊತೆಗಿದ್ದ ತಾಯಿಯೂ ಕಿರಿಮಗನ ಮನೆಯ ಹೊಸಿಲು ತುಳಿಯುವುದು ಬಿಟ್ಟಿದ್ದರು. ಶಿವಣ್ಣ ಟೀ ಅಂಗಡಿಗೂ ಹೋಗದೆ ಮೂಲೆ ಹಿಡಿದಿದ್ದರು.

"ಇವ್ರು ಬೀಡಿ ಬುಟ್ಟು ವರ್ಸಾಯ್ತು. ಕೊಟ್ಟಿಗೆ ಕ್ಯಾಮ್ರಾದಲ್ಲಿ ಗದ್ದೆ ಅಂಚೂ ಕಾಣ್ತದೆ. ಮಾಡ್ದೋನು ಯಾರೂಂತ ನಾನು ನೋಡ್ಬೇಕು" ಎಂದರು ಜಯಲಕ್ಷ್ಮಿ. ದನಿಯಲ್ಲಿ ಅಳು ಇರಲಿಲ್ಲ.

ಕ್ಯಾಮೆರಾದ ರೆಕಾರ್ಡಿಂಗ್ ಮನೆಯ ಕಂಪ್ಯೂಟರಿನಲ್ಲಿ ಸೇರುತ್ತಿತ್ತು. ಯಾವ ಫೈಲೂ ತೆರೆಯುತ್ತಿರಲಿಲ್ಲ. ಮೊದಲು ಎಲ್ಲವನ್ನೂ ನನ್ನ ಹಾರ್ಡ್ ಡಿಸ್ಕಿಗೆ ಕಾಪಿ ಮಾಡಿಕೊಂಡೆ. ವಿಡಿಯೊವನ್ನು ಬಿಡಿಸಿ ತೋರಿಸುವ ಕೋಡೆಕ್ ಎಂಬ ಸಾಫ್ಟ್‌ವೇರ್ ಅವರ ಕಂಪ್ಯೂಟರಿನಲ್ಲಿರಲಿಲ್ಲ. ಅದನ್ನು ಹಾಕಿದೊಡನೆ ಹಳೆಯ ರೆಕಾರ್ಡಿಂಗುಗಳೆಲ್ಲ ಓಡಿದವು. ಬೇಕಾಗಿದ್ದ ಒಂದು ಮಾತ್ರ ಎರರ್ ತೋರಿಸಿತು.

ಕಾರಣ ಹೊಳೆಯಲು ಹೊತ್ತು ಹಿಡಿಯಿತು. ಬೆಂಕಿಗೆ ಕರೆಂಟಿನ ವೈರು ಸುಟ್ಟು ಕಂಪ್ಯೂಟರ್ ಥಟ್ಟನೆ ನಿಂತಿತ್ತು. ಯಾವ ದೃಶ್ಯ ಎಲ್ಲಿದೆ ಎಂದು ಹೇಳುವ ಇಂಡೆಕ್ಸನ್ನು ಇಂಥ ಫೈಲು ಕಟ್ಟಕಡೆಯಲ್ಲಿ ಬರೆದುಕೊಳ್ಳುತ್ತದೆ. ಅದಕ್ಕೆ ಅವಕಾಶವೇ ಸಿಕ್ಕಿರಲಿಲ್ಲ. ಅದೇ ಕ್ಯಾಮೆರಾದ ಒಂದು ಒಳ್ಳೆಯ ಫೈಲನ್ನು ಮಾದರಿಯಾಗಿ ಕೊಟ್ಟು ರಿಪೇರಿ ಸಾಫ್ಟ್‌ವೇರ್ ಓಡಿಸಿದೆ. ಚಿತ್ರ ಅಲ್ಲಲ್ಲಿ ಒಡೆದಿದ್ದರೂ ಬಂತು. ನಾಲೆ ಏರಿಯಿಂದ ಇಳಿದವನು ಚಂದ್ರಣ್ಣನೆಂದು ಜಯಲಕ್ಷ್ಮಿ ಕೂಡಲೇ ಗುರುತಿಸಿದರು. ಅವನು ಅತ್ತಿತ್ತ ನೋಡಿ, ಕಬ್ಬಿನ ಬುಡದಲ್ಲಿ ಕುಕ್ಕರಿಸಿ, ಕಡ್ಡಿ ಗೀರಿದ. ಹೊಗೆ ಎದ್ದಿತು.

ನೇರ ಪೊಲೀಸರಿಗೆ ಕೊಡಿ ಎಂದೆ. "ಕೊಡ್ತೀನಿ. ಮೊದ್ಲು ಇವ್ರ ಮಾನ ಕಳ್ದ ಜನ ನೋಡ್ಲಿ" ಎಂದರು.

ಭಾನುವಾರ ಮತ್ತೆ ನನ್ನನ್ನು ಕರೆಸಿದರು. ಬೆಂಕಿ ಹೇಗೆ ಬಿತ್ತೆಂದು ಕಂಪ್ಯೂಟರಿನವರು ತೋರಿಸುತ್ತಾರೆ ಎಂದಷ್ಟೇ ಹೇಳಿ, ಕಬ್ಬು ಸುಟ್ಟುಕೊಂಡವರನ್ನೂ ಅತ್ತೆಯನ್ನೂ ಬಾವನನ್ನೂ ಮನೆಗೆ ಕರೆದಿದ್ದರು. ವಿಡಿಯೊ ಓಡುತ್ತಿಲ್ಲವೆಂಬ ಸುದ್ದಿ ಕೇಳಿ, ಆ ರೆಕಾರ್ಡಿಂಗ್ ಸತ್ತುಹೋಗಿದೆ ಎಂದೇ ನಂಬಿದ್ದ ಚಂದ್ರಣ್ಣ ನಗುತ್ತ ಮುಂದಿನ ಕುರ್ಚಿಯಲ್ಲಿ ಕುಳಿತ. "ಹಳೇ ಡಬ್ಬ ಕಣ್ಲಾ ಇದು, ಏನ್ ತೋರ್ಸೀಯೆ?" ಎಂದು ನನ್ನನ್ನು ಕೆಣಕಿದ. ನಾನು ಪ್ಲೇ ಒತ್ತಿದೆ. ನನಗೂ ಅವನ ಮುಖ ನೋಡುವ ಆಸೆಯಿತ್ತು.

ಕಡ್ಡಿ ಗೀರಿದಾಗ ಅವನು ಎದ್ದ.

"ಕುಂತ್ಕಳಿ ಬಾವ, ಎಲ್ಗೋಯ್ತೀರಾ?" ಜಯಲಕ್ಷ್ಮಿ ಬಾಗಿಲಿಗೆ ಅಡ್ಡ ನಿಂತರು. "ಸಾರ್, ಇನ್ನೊಂದ್ಸಲ ಹಾಕಿ. ಅತ್ತೆಗೆ ಕಣ್ಣು ಮಂಜು."

ಹಾಕಿದೆ. ಮತ್ತೂ ಒಮ್ಮೆ ಹಾಕಿಸಿದರು. ಮುದುಕಿ ಎದ್ದು ಬಂದು ಕಿರಿಮಗನ ಪಕ್ಕ ಕುಳಿತು, "ನನ್ ಬಟ್ಟೆಬರೆ ಇಲ್ಗೇ ಕಳುಸ್ಬುಡು" ಎಂದರು, ಹಿರಿಯವನ ಕಡೆ ತಿರುಗದೆ. ಜಯಲಕ್ಷ್ಮಿ ಅವನನ್ನು ಹೊರಗೆ ಬಿಟ್ಟಿದ್ದು ಆಮೇಲೆ.

ಎಲ್ಲರೂ ಹೋದ ಮೇಲೆ ಪೊಲೀಸ್ ಸ್ಟೇಷನ್ನಿಗೆಂದು ಪೆನ್ ಡ್ರೈವಿಗೆ ಕಾಪಿ ಮಾಡುತ್ತಿದ್ದೆ. ಶಿವಣ್ಣ ಹತ್ತಿರ ಬಂದು, "ಸಾಕು, ಅಳಿಸಾಕ್ಬುಡಿ ಸಾರ್. ಒಡಹುಟ್ಟಿದೋನು" ಎಂದರು.

"ಮುಟ್ಟುದ್ರೆ ನೋಡಿ" ಎಂದರು ಜಯಲಕ್ಷ್ಮಿ.

ಇಬ್ಬರೂ ನನ್ನನ್ನೇ ನೋಡುತ್ತಿದ್ದರು. ನಾನು ಪೆನ್ ಡ್ರೈವನ್ನು ಅವರಿಬ್ಬರ ನಡುವೆ ಮೇಜಿನ ಮೇಲಿಟ್ಟು, ಬ್ಯಾಗು ಹೆಗಲಿಗೆ ಹಾಕಿದೆ. ಫೈಲು ತೆರೆಯುವವರೆಗೆ ಮಾತ್ರ ನನ್ನ ಕೆಲಸ. ಅದರೊಳಗೆ ಇರುವುದನ್ನು ಏನು ಮಾಡಬೇಕೆಂಬುದು ಅದನ್ನು ಅನುಭವಿಸಿದವರಿಗೆ ಸೇರಿದ್ದು. ಈ ವೃತ್ತಿ ನನಗೆ ಕಲಿಸಿದ್ದು ಅದು. ಬಸ್ಸಿಗೆ ಕಾಯುತ್ತಿದ್ದಾಗ ಜಯಲಕ್ಷ್ಮಿ ಸ್ಟೇಷನ್ನಿನ ಕಡೆಗೆ ಆಟೊ ಹತ್ತುವುದು ಕಂಡಿತು. ಒಬ್ಬರೇ ಇದ್ದರು.