ಮೇಷ್ಟ್ರ ಪ್ರಿಸಮ್ಮಿಗೆ ಅಜ್ಜಿಯ ಕುಂಕುಮ

ಕರ್ಪೂರದ ಹೊಗೆಯೂ ಗ್ರೀಸಿನ ವಾಸನೆಯೂ ಒಟ್ಟಿಗೆ ಮೂಗಿಗೆ ಬಡಿದರೆ ನಿಮಗೆ ಏನು ನೆನಪಾಗುತ್ತದೋ ಗೊತ್ತಿಲ್ಲ, ನನಗೆ ಪೋಲೆಂಡ್ ನೆನಪಾಗುತ್ತದೆ. ನಾನೇನೂ ಪೋಲೆಂಡಿಗೆ ಹೋದವನಲ್ಲ. ನಾಗಸಂದ್ರದಲ್ಲಿ ಮೆಟ್ರೋ ಹತ್ತಿ ಮೆಜೆಸ್ಟಿಕ್ ದಾಟಿದರೆ ಅದೇ ನನ್ನ ವಿದೇಶ ಪ್ರವಾಸ. ಆದರೆ ಆಯುಧಪೂಜೆಯ ದಿನ ಗ್ಯಾರೇಜುಗಳ ಮುಂದೆ ಬೂದುಗುಂಬಳ ಒಡೆದು, ಸ್ಕೂಟರಿನ ಚಕ್ರದಡಿ ನಿಂಬೆಹಣ್ಣು ಪಚಕ್ಕೆನ್ನುವ ಹೊತ್ತಿಗೆ ಬಾಗಲಗುಂಟೆಯ ನಮ್ಮ ಹಳೆಯ ಮನೆಯ ನಡುಮನೆ ಕಣ್ಣ ಮುಂದೆ ಬಂದು ನಿಲ್ಲುತ್ತದೆ. ಗೋಡೆಗೆ ಒರಗಿಸಿದ ತಾತನ ನೇಗಿಲು, ಅದರ ಪಕ್ಕ ಕುಡುಗೋಲು, ಮಿಕ್ಸಿ, ಅಪ್ಪನ ಹೆಲ್ಮೆಟ್, ನನ್ನ ಕಂಪಾಸ್ ಬಾಕ್ಸು, ಇವೆಲ್ಲದರ ನಡುವೆ ಚೆಂಡುಹೂವಿನ ಮೇಲೆ ದೇವರ ಹಾಗೆ ಕೂತ ಒಂದು ಗಾಜಿನ ಪ್ರಿಸಮ್. ಅದರ ಒಡೆಯರು ನಮ್ಮ ಮಹಡಿ ಮನೆಯ ತೋಮಾಶ್ ಮೇಷ್ಟ್ರು.

ಮೇಷ್ಟ್ರು ಪೋಲೆಂಡಿನ ಭೌತವಿಜ್ಞಾನಿ. ಸಂಶೋಧನೆಗೆಂದು ಬೆಂಗಳೂರಿಗೆ ಬಂದು, ಇಲ್ಲಿನ ಹವೆಗೋ ದೋಸೆಗೋ ಸಿಕ್ಕಿಹಾಕಿಕೊಂಡು, ವಾಪಸ್ ಹೋಗುವುದನ್ನೇ ಮರೆತು, ಮಾಕಳಿಯಾಚೆಯ ಒಂದು ಖಾಸಗಿ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಲು ಸೇರಿದ್ದರು. ನಾನು ಹುಟ್ಟುವ ಮೊದಲೇ ನಮ್ಮ ಮಹಡಿಗೆ ಬಾಡಿಗೆಗೆ ಬಂದವರು. ಕನ್ನಡವನ್ನು ಅವರು ಕಲಿತದ್ದು ನಮ್ಮಜ್ಜಿಯಿಂದ, ನೀರಿನ ಮೋಟರಿನ ಪಕ್ಕ ನಿಂತು. ಹಾಗಾಗಿ ಬಿಸಿಲಿಗೆ ಬೀಟ್‌ರೂಟಿನಂತೆ ಕೆಂಪಗಾಗುತ್ತಿದ್ದ ಆ ಎತ್ತರದ ಮನುಷ್ಯ ಬಾಯಿ ಬಿಟ್ಟರೆ ಹೊರಬರುತ್ತಿದ್ದುದು ಅಪ್ಪಟ ಅಜ್ಜಿ. "ನೋಡ್ಲಾ ಮಗ, ಬೆಳಕು ಇಂಗ್ ಬತ್ತದೆ, ಗಾಜ್ನಾಗೆ ಇಂಗ್ ಬಗ್ತದೆ, ಆಮ್ಯಾಕೆ ಬಣ್ಣ ಬಣ್ಣ ಆಗಿ ಆಚೆ ಓಯ್ತದೆ" ಎಂದು ಪಾಠ ಹೇಳುತ್ತ, ಬೆಳಕಿನ ಜೊತೆ ತಾವೂ ಸೊಂಟ ಬಗ್ಗಿಸಿ ಆಚೆ ಹೋಗಿಬಿಡುತ್ತಿದ್ದರು. ಮಿಮಿಕ್ರಿ ಮಾಡುವವನಿಗೆ ಇದಕ್ಕಿಂತ ದೊಡ್ಡ ಆಸ್ತಿ ಬೇಕೇ? ಇವತ್ತು ಆರತಕ್ಷತೆಗಳಲ್ಲಿ, ಕಂಪನಿಗಳ ಫಂಕ್ಷನ್ನುಗಳಲ್ಲಿ ಊರವರ ದನಿ ತೆಗೆದು ಹೊಟ್ಟೆ ಹೊರೆಯುತ್ತಿರುವ ನಾನು ಮೊದಲು ಕದ್ದ ದನಿ ಅವರದು. ನನ್ನ ಸ್ವಂತ ದನಿ ಯಾವುದು ಎಂದು ಕೇಳಿದರೆ ಮಾತ್ರ ಸ್ವಲ್ಪ ಟೈಮ್ ಕೊಡಬೇಕು.

ಅಜ್ಜಿಗೆ ಒಂದು ನಿಯಮವಿತ್ತು. ಅವಳ ಸೂರಿನಡಿ ಇರುವವರ ಆಯುಧ ಯಾವುದೇ ಆಗಿರಲಿ, ಆ ದಿನ ನಡುಮನೆಗೆ ಬಂದು ಪೂಜೆ ಮಾಡಿಸಿಕೊಳ್ಳಬೇಕು. ಮಾತಾಡುವುದೇ ನನ್ನ ಕೆಲಸವಾದ್ದರಿಂದ ನನ್ನ ಗಂಟಲಿಗೂ ಕುಂಕುಮ ಒತ್ತುತ್ತಿದ್ದಳು. ಮೇಷ್ಟ್ರು ಬಂದ ವರ್ಷವೇ ಮೆಟ್ಟಿಲ ಬುಡದಲ್ಲಿ ನಿಂತು, "ಮೇಷ್ಟ್ರೆ, ನಿಮ್ ಆಯುಧ ಏನೈತೋ ತಕ್ಕಂಡ್ ಬನ್ನಿ" ಎಂದು ಕೂಗಿದಳಂತೆ. ಅವರು ಕಾಲುಚೀಲದಲ್ಲಿ ಸುತ್ತಿಟ್ಟಿದ್ದ ಪ್ರಿಸಮ್ ತಂದರು. ಊರು ಬಿಡುವಾಗ ಅವರ ಗುರುಗಳು ಕೊಟ್ಟದ್ದು. ಅಜ್ಜಿ ಅದನ್ನು ಬೆಳಕಿಗೆ ಹಿಡಿದು, ಗೋಡೆಯ ಮೇಲೆ ಬಿದ್ದ ಬಣ್ಣಗಳಿಗೆ ಕೈಮುಗಿದು, ಹೆಬ್ಬೆರಳಿನಿಂದ ಗಾಜಿನ ನಟ್ಟನಡುವೆ ಕುಂಕುಮ ಒತ್ತಿದಳು. ಮಾರನೆಯ ದಿನ ಮೇಷ್ಟ್ರು ಅದನ್ನು ಹಾಗೇ ಲ್ಯಾಬಿಗೆ ಒಯ್ದರು. ಪೂಜೆಯ ಕುಂಕುಮವನ್ನು ಮುಂದಿನ ವರ್ಷದವರೆಗೆ ಒರೆಸಬಾರದು ಎಂದು ತಾವೇ ಊಹಿಸಿಕೊಂಡಿದ್ದರು, ಕೇಳಲು ಸಂಕೋಚ. ಪ್ರತಿ ಹಬ್ಬದ ಬೆಳಿಗ್ಗೆ ತೊಳೆದು ತರುತ್ತಿದ್ದರಿಂದ ಅಜ್ಜಿಗೂ ಗೊತ್ತಾಗಲಿಲ್ಲ. ವಿದ್ಯಾರ್ಥಿಗಳು ಮಾತ್ರ ಗೋಡೆಯ ಕಾಮನಬಿಲ್ಲಿನ ನಡುವೆ ಒಂದು ಮಬ್ಬು ಮಚ್ಚೆ ಕಂಡು, ಬೆಳಕಿನ ಗುಣವೇ ಅದಿರಬೇಕೆಂದು ಪರೀಕ್ಷೆಯಲ್ಲೂ ಚಿತ್ರ ಬಿಡಿಸಿ ಬರುತ್ತಿದ್ದರಂತೆ. ನಮ್ಮ ಕಡೆಯ ಎಷ್ಟೋ ಬಿ.ಎಸ್ಸಿ.ಗಳ ಭೌತವಿಜ್ಞಾನದಲ್ಲಿ ಇವತ್ತಿಗೂ ನಮ್ಮಜ್ಜಿಯ ಹೆಬ್ಬೆರಳಿದೆ.

ಆಮೇಲೆ ಮೇಷ್ಟ್ರು ರಿಜಿಸ್ಟ್ರಾರ್ ಆದರು. ಆ ಕುರ್ಚಿಗಾಗಿ ಎರಡು ಗುಂಪುಗಳು ಕಿತ್ತಾಡುತ್ತಿದ್ದವು; ಯಾರ ಜಾತಿಗೂ, ಯಾರ ಜಿಲ್ಲೆಗೂ, ಯಾರ ಭಾವಮೈದುನನಿಗೂ ಸಂಬಂಧಪಡದ ಪ್ರಾಣಿ ಇಡೀ ಕ್ಯಾಂಪಸ್ಸಿನಲ್ಲಿ ಇವರೊಬ್ಬರೇ. "ರಿಸಲ್ಟ್ ಮುಗೀಲಿ ಅವ್ವಾ, ವಾಪಸ್ ಲ್ಯಾಬಿಗೆ ಓಯ್ತೀನಿ" ಎನ್ನುತ್ತಿದ್ದರು. ರಿಸಲ್ಟ್ ಮುಗಿದರೆ ಅಡ್ಮಿಷನ್, ಅಡ್ಮಿಷನ್ ಮುಗಿದರೆ ತಪಾಸಣೆಯ ಕಮಿಟಿ, ಕಮಿಟಿ ಉಂಡು ಹೋದರೆ ಹಾಸ್ಟೆಲ್ ಸಾಂಬಾರಿನ ವಿರುದ್ಧ ಸ್ಟ್ರೈಕು. ಮನೆಮುಂದೆ ಆಫೀಸಿನ ಕಾರು ಬಂತು. ಅಂಗಡಿಯವರು ಮೇಷ್ಟ್ರು ಅನ್ನುವುದು ಬಿಟ್ಟು ಸಾಹೇಬ್ರು ಅಂದರು, ಅಜ್ಜಿಯೂ ಅಂದಳು. ಪ್ರಿಸಮ್ ಕಾಲುಚೀಲ ಬಿಟ್ಟು ಹೊರಬರುವುದು ನಿಂತಿತು, ಹಬ್ಬದ ದಿನವೂ ಸಾಹೇಬರಿಗೆ ಮೀಟಿಂಗು. ನನ್ನ ಕಿವಿಗೆ ಎಲ್ಲಕ್ಕಿಂತ ಮೊದಲು ತಾಗಿದ್ದು ಅವರ ಮಾತು. ಫೈಲುಗಳ ಕನ್ನಡ ನಾಲಗೆಗೆ ಹತ್ತಿಕೊಂಡಿತ್ತು. ಮೋಟರ್ ಕೆಟ್ಟಿದೆ ಎಂದು ಹೇಳಲು ಇಳಿದು ಬಂದವರು, "ಸದರಿ ಮೋಟರಿನ ವಿಚಾರವಾಗಿ ಸೂಕ್ತ ಕ್ರಮ ಕೈಗೊಳ್ಳಬೇಕು" ಎಂದರೆ ತಾತ ನನ್ನ ಮುಖ ನೋಡಿ, "ಏನ್ಲಾ ಅಂತಾರೆ? ನೀರ್ ಬತ್ತೈತೋ ಇಲ್ವೋ?" ಎನ್ನುತ್ತಿದ್ದ.

ನಾನು ಏಳನೇ ಕ್ಲಾಸಿನಲ್ಲಿದ್ದ ವರ್ಷ ಅವರನ್ನು ಕುಲಪತಿ ಮಾಡುತ್ತೇವೆಂದು ಆಡಳಿತ ಮಂಡಳಿ ಹೇಳಿತು. ದಸರಾ ರಜೆ ಮುಗಿಯುವುದರೊಳಗೆ ಉತ್ತರ ಕೊಡಬೇಕು. ಒಪ್ಪಿದರೆ ಕ್ಯಾಂಪಸ್ಸಿನಲ್ಲೇ ಬಂಗಲೆ, ನಮ್ಮ ಮಹಡಿ ಖಾಲಿ, ಲ್ಯಾಬಂತೂ ಜನ್ಮಕ್ಕಿಲ್ಲ. ಬೇಡವೆಂದರೆ ಇದ್ದ ಕುರ್ಚಿಯೂ ಹೋಗಿ ಮತ್ತೆ ಬರೀ ಮೇಷ್ಟ್ರು. ಆಯುಧಪೂಜೆಯ ಬೆಳಿಗ್ಗೆ ನಿದ್ದೆಗೆಟ್ಟ ಮುಖದಲ್ಲಿ ಇಳಿದು ಬಂದು ಇದನ್ನೆಲ್ಲ ತಾತನಿಗೆ ಹೇಳಿದ ಮೇಲೆ, ಅಜ್ಜಿ ಕೂಗುವ ಮೊದಲೇ ಅಂಗೈ ಬಿಚ್ಚಿ ತೋರಿಸಿದರು. ಅದರಲ್ಲಿದ್ದದ್ದು ಆಫೀಸಿನ ರಬ್ಬರ್ ಸೀಲು.

"ಇದ್ಯಾವ್ದಿದು?" ಅಂದಳು ಅಜ್ಜಿ. "ಆ ಗಾಜೆಲ್ಲಿ?"

"ಅದನ್ನ ಮುಟ್ಟಿ ಬಹಳ ಕಾಲವಾಯ್ತು ಅವ್ವಾ. ಬಳಸದೆ ಇರುವುದನ್ನ ಆಯುಧ ಎಂದು ಪರಿಗಣಿಸುವುದು ಸಮಂಜಸವಲ್ಲ."

ತಾತ ನೇಗಿಲಿಗೆ ಅರಿಶಿನ ಹಚ್ಚುತ್ತಿದ್ದ. ಅದು ಉಳುತ್ತಿದ್ದ ಹೊಲದಲ್ಲಿ ಆಗಲೇ ಮೂರಂತಸ್ತಿನ ಬಾಡಿಗೆ ಮನೆಗಳೆದ್ದಿದ್ದವು. ತಲೆ ಎತ್ತದೆ ಕೇಳಿದ: "ನಾನ್ ಉತ್ತು ಎಷ್ಟ್ ಕಾಲ ಆಯ್ತು ಸಾಹೇಬ್ರೆ? ಅಂಗಂತ ಬಾಡಿಗೆ ರಸೀದಿ ಇಟ್ಟು ಊದಿನಕಡ್ಡಿ ಅಚ್ಲಾ?"

ಅಜ್ಜಿ ಸೀಲನ್ನು ಮಿಕ್ಸಿಯ ಪಕ್ಕ ಇಟ್ಟು ಕುಂಕುಮ ಒತ್ತಿದಳು. ಮಂಗಳಾರತಿಯಾಗಿ ಕಡ್ಲೆಪುರಿ ಹಂಚಿದ ಮೇಲೆ ನನ್ನ ಮಿಮಿಕ್ರಿ ನಡೆಯುವುದು ನಮ್ಮ ಮನೆಯ ಪದ್ಧತಿ. "ಲೇ, ಸಾಹೇಬ್ರನ್ನೇ ಮಾಡ್ಲಾ" ಅಂದ ತಾತ. ನಾನು ಮೊದಲು ಹಳೆಯ ಮೇಷ್ಟ್ರಾಗಿ ಸೊಂಟ ಬಗ್ಗಿಸಿ ಬೆಳಕನ್ನು ಗಾಜಿನಿಂದ ಆಚೆ ದಾಟಿಸಿದೆ. ಆಮೇಲೆ ರಿಜಿಸ್ಟ್ರಾರ್ ಆಗಿ ಅಜ್ಜಿಯ ತಟ್ಟೆಯಿಂದ ಒಂದು ಉದ್ದಿನವಡೆ ಎತ್ತಿಕೊಂಡು, "ಸದರಿ ವಡೆಯು ಪರಿಶೀಲನೆಯಲ್ಲಿದ್ದು, ಅದರ ತೂತಿನ ಬಗ್ಗೆ ಸಮಿತಿಯ ವರದಿ ಬಂದ ನಂತರ ತಿನ್ನಲಾಗುವುದು" ಎಂದೆ. ಮನೆಯೆಲ್ಲ ನಕ್ಕಿತು. ಮೇಷ್ಟ್ರು ಎಲ್ಲರಿಗಿಂತ ಜೋರಾಗಿ ನಕ್ಕು, ಕಣ್ಣೊರೆಸಿಕೊಂಡು, "ಇನ್ನೊಂದ್ ಸಲ ಮಾಡು" ಅಂದರು.

"ವಡೆದಾ ಮೇಷ್ಟ್ರೆ?"

"ಅಲ್ಲ ಮಗ. ಮೊದ್ಲು ಮಾಡಿದ್ದು."

ಮಾಡಿದೆ. ಅವರ ತುಟಿ ನನ್ನ ಜೊತೆಗೇ ಅಲ್ಲಾಡುತ್ತಿತ್ತು. ಮುಗಿದದ್ದೇ ಎದ್ದು ಮಹಡಿಗೆ ಹೋಗಿ ಕಾಲುಚೀಲದ ಸಮೇತ ಇಳಿದು ಬಂದರು. ಅಜ್ಜಿ ಪ್ರಿಸಮ್ಮನ್ನು ತಿರುಗಿಸಿ ನೋಡಿದಳು. ಒಣಗಿ ಕಪ್ಪಾದ ಅವಳ ಹೆಬ್ಬೆರಳಿನ ಗುರುತು ಅದರ ಮೇಲಿತ್ತು.

"ಇದೇನ್ ಮೇಷ್ಟ್ರೆ, ಆವತ್ತಿನ್ ಕುಂಕುಮ ಇನ್ನೂ ಅಂಗೇ ಐತೆ?"

"ಒರೆಸ್ಬಾರ್ದಲ್ವಾ ಅವ್ವಾ?"

"ಯಾರೇಳಿದ್ರು? ಮಾರ್ನೇ ದಿನ ಒರೆಸಿ ಕೆಲ್ಸಕ್ಕೆ ತಕ್ಕಳಾದು."

ಮೇಷ್ಟ್ರ ಬೀಟ್‌ರೂಟು ಮುಖ ಮೂಲಂಗಿಯಾಯಿತು. ಮಚ್ಚೆ ಬರೆದು ಪಾಸಾಗಿ ಹೋದ ವಿದ್ಯಾರ್ಥಿಗಳೆಲ್ಲ ಒಬ್ಬೊಬ್ಬರಾಗಿ ಕಣ್ಣ ಮುಂದೆ ಬಂದಿರಬೇಕು. ಗಾಜನ್ನು ಅಜ್ಜಿಯ ಕೈಯಿಂದ ವಾಪಸ್ ತೆಗೆದುಕೊಂಡು, "ಅಂಗಾದ್ರೆ ಪಾಠ ಎಲ್ಲಾ ಮೊದ್ಲಿಂದ ಮಾಡ್ಬೇಕಲ್ಲವ್ವಾ" ಅಂದರು. ಮಾರನೆಯ ದಿನ ಪ್ರಿಸಮ್ಮನ್ನು ಪಂಚೆಯ ತುದಿಯಿಂದ ಒರೆಸಿ, ಆಡಳಿತ ಮಂಡಳಿಗೆ ಫೋನು ಮಾಡಿ, ಕುಲಪತಿ ಪಟ್ಟ ಬೇಡವೆಂದರು. ಕಾರು ಹೋಯಿತು. ಮೇಷ್ಟ್ರು ಹೆಸರಘಟ್ಟ ರಸ್ತೆಯಲ್ಲಿ ಮತ್ತೆ ಬಸ್ಸಿಗೆ ಕಾಯತೊಡಗಿದರು. ಅಂಗಡಿಯವರು ಪಾಪ ಎಂದರು.

ಈಗ ಅಜ್ಜಿಯಿಲ್ಲ, ತಾತನಿಲ್ಲ. ಮನೆಯಿದ್ದ ಜಾಗದಲ್ಲಿ ಅಪಾರ್ಟ್‌ಮೆಂಟ್ ಎದ್ದಿದೆ. ನೇಗಿಲಿಗೆ ವಾರ್ನಿಶ್ ಹೊಡೆದು ಅದರ ಲಾಬಿಯಲ್ಲಿ ಶೋಪೀಸ್ ಮಾಡಿದ್ದಾರೆ, ಮುಟ್ಟಬೇಡಿ ಎಂಬ ಬೋರ್ಡಿನೊಂದಿಗೆ. ನಿವೃತ್ತರಾದ ಮೇಷ್ಟ್ರು ಯಲಹಂಕದ ಒಂದು ಸಣ್ಣ ಮನೆಯಲ್ಲಿದ್ದಾರೆ. ಈ ಸಲದ ಆಯುಧಪೂಜೆಗೆ ಕಡ್ಲೆಪುರಿ ಕಟ್ಟಿಸಿಕೊಂಡು ಹೋಗಿದ್ದೆ. ಪ್ರಿಸಮ್ಮಿಗೆ ನಾನೇ ಕುಂಕುಮವಿಟ್ಟೆ. "ಅವ್ವನ್ ಮಾಡ್ಲಾ, ಕೇಳಾನ" ಅಂದರು. ಮಾಡಿದೆ. ಊರಿನ ಸಮಸ್ತರ ದನಿ ಕದ್ದ ನನ್ನ ಗಂಟಲಿನಿಂದ ಹೊರಟದ್ದು ಯಾವುದೋ ಸ್ಟೇಜಿನ ಮುದುಕಿ. ಮೇಷ್ಟ್ರು ನಗಲಿಲ್ಲ. ನನ್ನನ್ನು ಹತ್ತಿರ ಕರೆದು, ಹೆಬ್ಬೆರಳನ್ನು ಬಟ್ಟಲಿಗೆ ಅದ್ದಿ, ಗಂಟಲಿಗೆ ಕುಂಕುಮ ಒತ್ತಿದರು.

"ನಾಳೆ ಒರೆಸ್ಬೇಕಲ್ವಾ ಮೇಷ್ಟ್ರೆ?" ಎಂದೆ, ರೇಗಿಸಲು.

"ಬ್ಯಾಡ ಕಣ್ಲಾ. ಅಂಗೇ ಇರ್ಲಿ."

ಅಜ್ಜಿ ಅಲ್ಲಿದ್ದಳು, ಅವರ ದನಿಯಲ್ಲಿ. ಅದೇ ಎಳೆತ, ಕೊನೆಯಲ್ಲಿ ಅದೇ ಸಣ್ಣ ಗದರಿಕೆ. ನಾನು ಕುಂಕುಮ ಒರೆಸಿಹೋಗದಂತೆ ಅಂಗಿಯ ಮೇಲಿನ ಗುಂಡಿ ಬಿಚ್ಚಿಕೊಂಡು ಬಸ್ಸು ಹತ್ತಿದೆ. ಮನೆ ಸೇರುವವರೆಗೆ ಯಾರ ದನಿಯನ್ನೂ ತೆಗೆಯಲಿಲ್ಲ.