ಕುರ್ಚಿ ಪೂಜೆಗೆ ಮೊದಲು ಕೇಳಿದ ಸಲಹೆ

ಅಂದು ದೋಸೆಗೆ ಅಕ್ಕಿ ನೆನೆಹಾಕಿದೆ, ಕುಕ್ಕರಿನ ರಬ್ಬರು ಬದಲಾಯಿಸಿದೆ, ಬಟ್ಟೆ ಒಣಹಾಕಿ ಹಾಸನದಿಂದ ಹೊಳೆನರಸೀಪುರದ ಬಸ್ಸು ಹತ್ತಿದೆ. ಶಾಲೆಗಳಿಗೆ ಸಲಹೆ ಕೊಡುವುದು ನನ್ನ ಕಸುಬು. ಅಲ್ಲಿನ ಖಾಸಗಿ ಶಾಲೆಯ ಸೆಕ್ರೆಟರಿ, ಪಾಠ ಹೇಗೆ ನಡೆಯುತ್ತಿದೆ ನೋಡಿ ರಿಪೋರ್ಟು ಕೊಡಿ ಎಂದು ಕರೆಸಿದ್ದರು.

ಮಾತಿಗೊಮ್ಮೆ ಎದೆಯ ಮೇಲೆ ಕೈಯಿಟ್ಟು, "ನೀವ್ ಹೇಳ್ದಂಗೆ ಮೇಡಂ" ಅನ್ನುವ ವಿನಯವಂತರು. ಉಳಿದ ತರಗತಿಗಳನ್ನು ಬಿಟ್ಟು ಹೆಡ್‌ಮಿಸ್ಸಿನ ತರಗತಿಗೇ ಮತ್ತೆ ಮತ್ತೆ ಕರೆದೊಯ್ದರು. ಆಕೆ ಚೆನ್ನಾಗಿಯೇ ಪಾಠ ಮಾಡುತ್ತಿದ್ದರು. ಆಮೇಲೆ ಸೆಕ್ರೆಟರಿಯವರ ಮನೆಯಲ್ಲಿ ಕಾಫಿ ತಂದದ್ದು ಅವರ ಸೊಸೆ.

"ಬಿ.ಎಡ್ ಮಾಡವ್ಳೆ, ಸುಮ್ಕೆ ಮನೇಲವ್ಳೆ" ಎಂದು ನಾನು ಕೇಳದೆಯೇ ತಿಳಿಸಿದರು. "ರಿಪೋರ್ಟು ಗುರುವಾರದೊಳ್ಗೆ ಕೊಟ್ಬುಡಿ."

"ಯಾಕಿಷ್ಟು ಅವಸರ?"

"ಶುಕ್ರವಾರ ಒಳ್ಳೆ ಗಳಿಗೆ ಐತೆ. ಹೊಸ ಹೆಡ್‌ಮಿಸ್ ಕೂರೋ ಮುಂಚೆ ಕುರ್ಚಿ ಪೂಜೆ ಆಗ್ಬೇಕಲ್ವಾ? ಪುರೋಹಿತ್ರಿಗೂ ಹೇಳ್ಬುಟ್ಟಿವ್ನಿ."

ನನ್ನ ನಿಷ್ಪಕ್ಷಪಾತ ಅಭಿಪ್ರಾಯಕ್ಕೆ ಪಾಪ, ಮುಹೂರ್ತ ಕೂಡ ಇಡಿಸಿದ್ದರು. ಈಗಿನ ಹೆಡ್‌ಮಿಸ್ಸೇ ಮುಂದುವರಿಯಲಿ ಎಂದು ಬರೆದು, ಆಡಳಿತ ಮಂಡಳಿಯ ಎಲ್ಲರಿಗೂ ಪ್ರತಿ ಕಳಿಸಿದೆ. ಮಂಡಳಿ ಒಪ್ಪಿತು, ಆಕೆಯ ಕೆಲಸ ಉಳಿಯಿತು.

ಕರೆದ ಪುರೋಹಿತರನ್ನು ಬೇಡವೆನ್ನುವುದುಂಟೇ? ಶುಕ್ರವಾರ ಪೂಜೆ ನಡೆದೇ ನಡೆಯಿತು, ನಾನೂ ಹೋಗಿದ್ದೆ. ಕುರ್ಚಿಯಲ್ಲಿ ಹಳೆಯ ಹೆಡ್‌ಮಿಸ್ಸು ಕೂತರು. ಸೆಕ್ರೆಟರಿಯವರೇ ಸಿಹಿ ಪೊಂಗಲು ಹಂಚಿದರು. ನನ್ನ ದೊನ್ನೆಗೆ ಮಾತ್ರ ಗೋಡಂಬಿ ಬೀಳದಂತೆ ನೋಡಿಕೊಂಡರು. ಮನೆಗೆ ತಂದು ರಾತ್ರಿ ಅದನ್ನೇ ತಿಂದೆವು. ಗೋಡಂಬಿ ಹುಡುಕಿ ಸಿಗದೆ ನಮ್ಮ ಯಜಮಾನರು ಮೊದಲು ಮಲಗಿದರು.